ಹೆರಿಗೆ ಕೋಣೆಯ ಬಾಗಿಲಲ್ಲಿದ್ದ ಸ್ಟೂಲು

ಕರ್ನಾಟಕದ ಪಟ್ಟಣಗಳಲ್ಲಿ ‘ನರ್ಸಿಂಗ್ ಹೋಮ್’ ಎಂಬ ಮಾತಿಗೆ ಇರುವ ಅರ್ಥ ಅಮೆರಿಕದಲ್ಲಿ ಅದಕ್ಕಿರುವ ಅರ್ಥಕ್ಕಿಂತ ಬೇರೆ. ಅಲ್ಲಿ ಅದು ವೃದ್ಧರೂ ಅಶಕ್ತರೂ ದೀರ್ಘಕಾಲ ಉಳಿಯುವ ಆರೈಕೆಯ ನೆಲೆಯಾದರೆ, ಇಲ್ಲಿ ವೈದ್ಯರೊಬ್ಬರೋ ವೈದ್ಯ ದಂಪತಿಯೋ ಮೇಲಂತಸ್ತಿನಲ್ಲಿ ತಾವು ವಾಸವಾಗಿದ್ದು, ಕೆಳಗೆ ಹತ್ತು ಹದಿನೈದು ಹಾಸಿಗೆಗಳನ್ನಿಟ್ಟು ನಡೆಸುತ್ತಿದ್ದ ಖಾಸಗಿ ಆಸ್ಪತ್ರೆಗೆ ಆ ಹೆಸರಿತ್ತು. ಹೆರಿಗೆಗೂ ಸಣ್ಣಪುಟ್ಟ ಶಸ್ತ್ರಚಿಕಿತ್ಸೆಗೂ ಸುತ್ತಲಿನ ಹಳ್ಳಿಗಳ ಜನ ಮೊದಲು ನೆನೆಯುತ್ತಿದ್ದ ಜಾಗ ಅದೇ ಆಗಿತ್ತು. ಈಗ ಇಂಥ ಕಟ್ಟಡಗಳು ಒಂದೊಂದಾಗಿ ನೆಲಕ್ಕುರುಳುತ್ತಿವೆ. ದಾವಣಗೆರೆಯ ಪಿ.ಬಿ. ರಸ್ತೆಗೆ, ಎಂದರೆ ಪುಣೆ-ಬೆಂಗಳೂರು ಹಳೆಯ ಹೆದ್ದಾರಿಗೆ, ಸಮೀಪದಲ್ಲಿದ್ದ ಅಂಥದೊಂದು ನರ್ಸಿಂಗ್ ಹೋಮನ್ನು ಕೆಡವಿದಾಗ ಅಲ್ಲಿ ಹುಟ್ಟಿದವರು, ಹೆತ್ತವರು, ದುಡಿದವರು ರಸ್ತೆಯಾಚೆ ನಿಂತು ನೋಡುತ್ತಿದ್ದರು. ಅವರ ನಡುವೆ ನಿಂತಿದ್ದ ನರ್ಸಿಂಗ್ ವಿದ್ಯಾರ್ಥಿನಿಯೊಬ್ಬಳು, ದಾಖಲೆಯೂ ತಪಾಸಣೆಯೂ ಇಲ್ಲದ ಆ ಕಾಲದಲ್ಲಿ ಆರೈಕೆ ಒಳ್ಳೆಯದೋ ಅಲ್ಲವೋ ಎಂಬುದನ್ನು ಜನ ಯಾವುದರಿಂದ ತಿಳಿಯುತ್ತಿದ್ದರು ಎಂದು ಕೇಳಿದಳು. ಆ ಕಾಲದ ಕಡತಗಳು ಉಳಿದಿಲ್ಲವಾದ್ದರಿಂದ ಆಕೆಯ ಪ್ರಶ್ನೆಗೆ ಕಂಡವರ ನೆನಪೇ ಉತ್ತರ ಹೇಳಬೇಕು.

ಈ ನರ್ಸಿಂಗ್ ಹೋಮ್‌ಗಳು ತಾವಾಗಿಯೇ ಹುಟ್ಟಿದವಲ್ಲ. ಹುಬ್ಬಳ್ಳಿಯಲ್ಲಿ 1957ರಲ್ಲಿ, ಬೆಳಗಾವಿಯಲ್ಲಿ 1963ರಲ್ಲಿ, ದಾವಣಗೆರೆಯಲ್ಲಿ 1965ರಲ್ಲಿ ವೈದ್ಯಕೀಯ ಕಾಲೇಜುಗಳು ಆರಂಭವಾದ ಮೇಲೆ, ಅಲ್ಲಿ ಕಲಿತವರಲ್ಲಿ ಹಲವರು ತಮ್ಮ ಸೀಮೆಯಲ್ಲೇ ನೆಲೆಯೂರಿದರು. ಆಗ ಇನ್ನೂ ಚಿತ್ರದುರ್ಗ ಜಿಲ್ಲೆಗೆ ಸೇರಿದ್ದ ದಾವಣಗೆರೆಯಲ್ಲಿ ಹತ್ತಿ ಗಿರಣಿಗಳ ಸಂಬಳ ಮತ್ತು ಶೇಂಗಾ ಮಾರಾಟದ ಹಣ ಓಡಾಡುತ್ತಿದ್ದುದರಿಂದ, ಸರ್ಕಾರಿ ಆಸ್ಪತ್ರೆಯ ನೂಕುನುಗ್ಗಲಿಗೆ ಹೆದರಿದವರು ಒಂದಿಷ್ಟು ಖರ್ಚಾದರೂ ಸರಿ ಎಂದು ಇವುಗಳ ಬಾಗಿಲಿಗೆ ಬಂದರು. ಖಾಸಗಿ ನರ್ಸಿಂಗ್ ಹೋಮ್‌ಗಳ ನಿಯಂತ್ರಣಕ್ಕೆಂದು 1976ರಲ್ಲಿಯೇ ರಾಜ್ಯದ ಕಾಯ್ದೆಯೊಂದು ಇತ್ತಾದರೂ, ಅದರ ಹೆಸರನ್ನು ಕೇಳಿದ ರೋಗಿಯನ್ನು ನೆನೆಯಬಲ್ಲವರು ಇಂದು ಸಿಗುವುದಿಲ್ಲ.

ಒಳಗೆ ಕಾಲಿಟ್ಟವರನ್ನು ಮೊದಲು ಎದುರುಗೊಳ್ಳುತ್ತಿದ್ದುದು ಒಂದು ವಾಸನೆ. ಗಾಜಿನ ಸಿರಿಂಜುಗಳನ್ನೂ ಸೂಜಿಗಳನ್ನೂ ನೀರಿನಲ್ಲಿ ಕುದಿಸುವ ‘ಸ್ಟೆರಿಲೈಸರ್’ ಎಂಬ ಚಪ್ಪಟೆ ಸ್ಟೀಲು ಪೆಟ್ಟಿಗೆ ಬೆಳಗಿನಿಂದ ರಾತ್ರಿಯವರೆಗೆ ಹಬೆಯಾಡುತ್ತಿತ್ತು. ಆ ಹಬೆಗೆ ಸ್ಪಿರಿಟ್ಟಿನ ಘಾಟು, ನೆಲ ಒರೆಸಿದ ಫಿನಾಯಿಲಿನ ವಾಸನೆ, ಬಾಣಂತಿಯರಿಗೆಂದು ಮನೆಯಿಂದ ಬಂದ ಬೆಳ್ಳುಳ್ಳಿ-ಮೆಣಸಿನ ಸಾರಿನ ಘಮ ಸೇರಿ, ಮತ್ತೆಲ್ಲಿಯೂ ಸಿಗದ ಒಂದು ವಾಸನೆಯಾಗಿ ಪಡಸಾಲೆಯಲ್ಲಿ ನಿಲ್ಲುತ್ತಿತ್ತು. ಮಗಳನ್ನೋ ಸೊಸೆಯನ್ನೋ ಕರೆತಂದ ಹಳ್ಳಿಯ ಹಿರಿಯ ಹೆಂಗಸರು ಕಟ್ಟಡವನ್ನು ನೋಡುವುದಕ್ಕಿಂತ ಮೊದಲು ಆ ವಾಸನೆಯನ್ನು ಪರೀಕ್ಷಿಸುತ್ತಿದ್ದರು: ಫಿನಾಯಿಲಿನ ಅಡಿಯಲ್ಲಿ ಮೂತ್ರದ ವಾಸನೆ ಸಿಕ್ಕರೆ ಬೆಡ್‌ಪ್ಯಾನ್ ತೊಳೆದಿಲ್ಲವೆಂದೂ, ಕೀವಿನ ವಾಸನೆ ಸಿಕ್ಕರೆ ಗಾಯದ ಪಟ್ಟಿ ಬದಲಾಗಿಲ್ಲವೆಂದೂ ಅವರಿಗೆ ತಿಳಿಯುತ್ತಿತ್ತು. ಆರೈಕೆಯ ಗುಣಮಟ್ಟವನ್ನು ರಚನೆ, ಪ್ರಕ್ರಿಯೆ, ಫಲಿತಾಂಶ ಎಂಬ ಮೂರು ಕಡೆಯಿಂದ ನೋಡಬೇಕೆಂದು, ಎಂದರೆ ಏನೇನಿದೆ, ಏನು ಮಾಡುತ್ತಾರೆ, ಕೊನೆಗೆ ರೋಗಿ ಏನಾದ ಎಂದು ಕೇಳಬೇಕೆಂದು, ಅವೆಡಿಸ್ ಡೊನಬೇಡಿಯನ್ ಅಮೆರಿಕದಲ್ಲಿ 1966ರಲ್ಲಿ ಪ್ರಕಟಿಸಿದ ಲೇಖನದಲ್ಲಿ ವಿವರಿಸಿದ್ದರು. ಆ ಹೆಸರನ್ನು ಎಂದೂ ಕೇಳದ ಈ ಹೆಂಗಸರು ಮೂಗಿನಿಂದ ಮೊದಲನೆಯದನ್ನೂ, ಒಂದು ರಾತ್ರಿ ಚಾಪೆ ಹಾಸಿ ಮಲಗಿ ಎರಡನೆಯದನ್ನೂ, ಊರಿಗೆ ಯಾರ ಮಗಳು ಹೇಗೆ ಮರಳಿದಳೆಂಬುದರಿಂದ ಮೂರನೆಯದನ್ನೂ ಅಳೆಯುತ್ತಿದ್ದರು.

ಆ ರಾತ್ರಿಯ ಪರೀಕ್ಷೆಯಲ್ಲಿ ಎಲ್ಲರ ಕಣ್ಣೂ ಹೋಗುತ್ತಿದ್ದುದು ಹೆರಿಗೆ ಕೋಣೆಯ ಹಿರಿಯ ಆಯಾಳ ಕಡೆಗೆ. ‘ಆಯಾ’ ಎಂದರೆ ನರ್ಸಿಂಗ್ ಶಾಲೆಯ ಮೆಟ್ಟಿಲು ಹತ್ತದೆ, ರೋಗಿಯನ್ನು ತೊಳೆಯುವ, ಹೊರಳಿಸುವ, ಬಟ್ಟೆ ಬದಲಿಸುವ ಕೆಲಸಗಳನ್ನು ಮಾಡುತ್ತ ಮಾಡುತ್ತಲೇ ಕಲಿತ ಹೆಂಗಸು. ದೊಡ್ಡಾಯಾ ಎಂದು ಎಲ್ಲರೂ ಕರೆಯುತ್ತಿದ್ದ ಈಕೆಗೆ ಓದು ಬರುತ್ತಿರಲಿಲ್ಲ. ಆದರೂ ಕೇರಳದಿಂದ ಬಂದ, ತರಬೇತಿ ಪಡೆದ ಸಿಸ್ಟರ್‌ಗಳು ಸಂದೇಹ ಬಂದಾಗಲೆಲ್ಲ ಈಕೆಯ ಮುಖ ನೋಡುತ್ತಿದ್ದರು. ಹೆರಿಗೆ ಕೋಣೆಯ ಬಾಗಿಲಲ್ಲಿ ಬಣ್ಣ ಕಿತ್ತುಹೋದ ಒಂದು ಕಬ್ಬಿಣದ ಸ್ಟೂಲಿತ್ತು, ರಾತ್ರಿಯೆಲ್ಲ ಆಕೆ ಅದರ ಮೇಲೆ ಕುಳಿತಿರುತ್ತಿದ್ದಳು. ಹೆರಿಗೆಯಾದ ಮೇಲೆ ಗರ್ಭಕೋಶ ಕುಗ್ಗಿ ಗಟ್ಟಿಯಾಗದಿದ್ದರೆ ರಕ್ತಸ್ರಾವ ನಿಲ್ಲುವುದಿಲ್ಲ, ಮತ್ತು ಆ ಸ್ರಾವ ಕೆಲವೇ ಗಂಟೆಗಳಲ್ಲಿ ತಾಯಿಯ ಜೀವ ತೆಗೆಯಬಲ್ಲದು. ಈ ಸಂಗತಿಯನ್ನು ಯಾವ ಪುಸ್ತಕದಿಂದಲೂ ಕಲಿಯದ ದೊಡ್ಡಾಯಾ, ಮೊದಲ ಎರಡು ಗಂಟೆ ಮತ್ತೆ ಮತ್ತೆ ಎದ್ದು ಬಾಣಂತಿಯ ಹೊಕ್ಕುಳ ಬಳಿ ಅಂಗೈಯಿಟ್ಟು ನೋಡುತ್ತಿದ್ದಳು, ನೆನೆದ ಬಟ್ಟೆಗಳನ್ನು ಎಣಿಸುತ್ತಿದ್ದಳು, ಕಣ್ಣಿನ ಕೆಳರೆಪ್ಪೆ ಸರಿಸಿ ಬಿಳಿಚಿದೆಯೇ ಎಂದು ಪರೀಕ್ಷಿಸುತ್ತಿದ್ದಳು, ಪಾದ ಮುಟ್ಟಿ ತಣ್ಣಗಾಗಿದೆಯೇ ಎಂದು ತಿಳಿಯುತ್ತಿದ್ದಳು. ಕೈಗೆ ಬೇರೆಯೇನಾದರೂ ತಿಳಿದ ಕೂಡಲೇ ಮೇಲಂತಸ್ತಿನ ಗಂಟೆ ಒತ್ತಿ, “ಡಾಕ್ಟ್ರಮ್ಮಾ, ಹೊಟ್ಟಿ ಮೆತ್ತಗಾಗೇತಿ, ಲಗೂನ ಬರ್ರಿ” ಎಂದು ಕೂಗಿದರೆ, ಡಾಕ್ಟ್ರಮ್ಮ ಕೂದಲು ಕಟ್ಟಿಕೊಳ್ಳುತ್ತಲೇ ಮೆಟ್ಟಿಲಿಳಿದು ಬರುತ್ತಿದ್ದರು. ಒಂದೇ ಮಗ್ಗುಲಲ್ಲಿ ಮಲಗಿದವರ ಚರ್ಮ ಮೂಳೆಯ ಒತ್ತಡಕ್ಕೆ ಸತ್ತು ಹಾಸಿಗೆ ಹುಣ್ಣಾಗುತ್ತದೆಂದು ಬಲ್ಲ ಆಕೆ, ಲಕ್ವ ಹೊಡೆದ ವೃದ್ಧರನ್ನೂ ಗಡಿಯಾರದ ಹಂಗಿಲ್ಲದೆ ಹೊತ್ತು ಹೊತ್ತಿಗೆ ಹೊರಳಿಸುತ್ತಿದ್ದಳು.

ಡಿಸ್ಚಾರ್ಜ್ ದಿನದ ಚೌಕಾಸಿಯನ್ನೂ ಕಂಡವರು ಮರೆತಿಲ್ಲ. ಮಾತ್ರೆಯ ಕಂಪನಿ ಹಂಚಿದ ಚೀಟಿಯ ಹಿಂಬದಿಯಲ್ಲಿ ವೈದ್ಯರು ಒಂದೇ ಒಂದು ಮೊತ್ತ ಬರೆಯುತ್ತಿದ್ದರು. ಸಿಸೇರಿಯನ್ ಆದ ಸೊಸೆಯನ್ನು ಕರೆದೊಯ್ಯಲು ಬಂದ ಹರಪನಹಳ್ಳಿ ಕಡೆಯ ರೈತನೊಬ್ಬ 1,800 ಎಂಬ ಚೀಟಿಯನ್ನು ಬಹಳ ಹೊತ್ತು ನೋಡಿ, ಟವೆಲಿನ ಗಂಟು ಬಿಚ್ಚಿ 900 ಎಣಿಸಿಟ್ಟು, ಈ ಸಲ ಮಳೆ ಕೈಕೊಟ್ಟಿತೆಂದ. ವೈದ್ಯರು 300 ಹೊಡೆದುಹಾಕಿದರು, ಉಳಿದ 600 ಶೇಂಗಾ ಮಾರಿದ ಮೇಲೆ ಎಂದಾಯಿತು. ಸುಗ್ಗಿಯ ಬಳಿಕ ಆತ ಹಣವನ್ನೂ ಒಂದು ಚೀಲ ಹಸಿ ಶೇಂಗಾಕಾಯಿಯನ್ನೂ ತಂದಿಟ್ಟು ಹೋದ. ಸಾಲದ ಲೆಕ್ಕ ಯಾವ ಪುಸ್ತಕದಲ್ಲಿಯೂ ಇರಲಿಲ್ಲ.

ಇಷ್ಟನ್ನು ಮಾತ್ರ ಹೇಳಿ ನಿಲ್ಲಿಸಿದರೆ ನೆನಪು ಸುಳ್ಳು ಹೇಳಿದಂತಾಗುತ್ತದೆ. ಆ ಚೌಕಾಸಿ ಹೊಲವುಳ್ಳವನ, ಮಾತು ಬಲ್ಲವನ ಪಾಲಿನ ದಯೆಯಾಗಿತ್ತು. ಕೂಲಿಯವನು ಅದೇ ಚೀಟಿಯನ್ನು ಹಿಡಿದು ಹೆಂಡತಿಯ ತಾಳಿಯನ್ನು ಅಡವಿಡಲು ಹೋದದ್ದನ್ನೂ ಕಂಡವರಿದ್ದಾರೆ. ಪ್ರೀತಿಯಿಂದ ನೆನೆಯುವ ಆ ಹಬೆಯ ಪೆಟ್ಟಿಗೆಯಲ್ಲಿ, ಜನ ಹೆಚ್ಚಾದ ದಿನ, ಸಿರಿಂಜುಗಳು ಪೂರ್ತಿ ಹೊತ್ತು ಕುದಿಯುತ್ತಿರಲಿಲ್ಲ; ಮೊಂಡಾದ ಸೂಜಿಗಳನ್ನು ಕಲ್ಲಿಗೆ ಮಸೆದು ಮತ್ತೆ ಬಳಸುತ್ತಿದ್ದರು; ಹಾಗೆ ಯಾರ ರಕ್ತದಿಂದ ಯಾರಿಗೆ ಯಾವ ಕಾಮಾಲೆ ದಾಟಿತೆಂದು ಯಾರೂ ಬರೆದಿಡಲಿಲ್ಲ. ನೋವಿನಲ್ಲಿ ಕೂಗಿದ ಹೆಂಗಸರನ್ನು ಗದರುವುದು ತಪ್ಪೆಂದು ಯಾರಿಗೂ ಅನ್ನಿಸುತ್ತಿರಲಿಲ್ಲ, ದೊಡ್ಡಾಯಾಳಿಗೂ ಅನ್ನಿಸುತ್ತಿರಲಿಲ್ಲ. ಹೆಣ್ಣು ಮಗುವಾದರೆ ಆಕೆಗೆ ಸಿಗುವ ಖುಷಿಯ ಕಾಸು ಅರ್ಧಕ್ಕಿಳಿಯುತ್ತಿತ್ತು. ಸ್ಕ್ಯಾನಿಂಗ್ ಯಂತ್ರಗಳು ಬಂದ ಮೇಲೆ ಕೆಲವು ಕಡೆ ಆ ಹೆಣ್ಣು ಮಗು ಹುಟ್ಟುವುದಕ್ಕೇ ಅವಕಾಶವಿಲ್ಲದಂತಾಯಿತು. ಭ್ರೂಣಲಿಂಗ ಪತ್ತೆಯನ್ನು ನಿಷೇಧಿಸುವ 1994ರ ಕಾಯ್ದೆ ಬೇಕಾದದ್ದು ಇಂಥ ಬಾಗಿಲುಗಳ ಹಿಂದೆ ನಡೆದದ್ದಕ್ಕಾಗಿಯೇ.

ಆದ್ದರಿಂದ ಮುಂದೆ ಬಂದ ಬದಲಾವಣೆಗಳಲ್ಲಿ ಹೆಚ್ಚಿನವು ನ್ಯಾಯವಾದವು. ವೈದ್ಯರ ಸೇವೆಯೂ ಗ್ರಾಹಕ ಸಂರಕ್ಷಣಾ ಕಾಯ್ದೆಗೆ ಒಳಪಡುತ್ತದೆ ಎಂದು ಸುಪ್ರೀಂ ಕೋರ್ಟ್ 1995ರಲ್ಲಿ ತೀರ್ಪಿತ್ತ ಮೇಲೆ ಒಪ್ಪಿಗೆ ಪತ್ರಗಳೂ ಕೇಸ್ ಶೀಟುಗಳೂ ಬಂದವು. ಒಮ್ಮೆ ಬಳಸಿ ಎಸೆಯುವ ಸಿರಿಂಜು ಬಂದು ಸ್ಟೆರಿಲೈಸರಿನ ಹಬೆ ಆರಿತು. 1998ರ ನಿಯಮಗಳು ಆಸ್ಪತ್ರೆಯ ಕಸವನ್ನು ಬೇರ್ಪಡಿಸಲು ಹೇಳಿದವು. ಸಹಕಾರ ಸಂಘಗಳ ರೈತರಿಗೆ 2003ರಲ್ಲಿ ಜಾರಿಗೆ ಬಂದ ಯಶಸ್ವಿನಿ ಯೋಜನೆಯಲ್ಲಿ ವರ್ಷಕ್ಕೆ 60 ರೂಪಾಯಿ ಕಟ್ಟಿದವನು ಶಸ್ತ್ರಚಿಕಿತ್ಸೆಯ ದಿನ ಯಾರ ದಯೆಯನ್ನೂ ಬೇಡಬೇಕಾಗಿರಲಿಲ್ಲ. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ 2007ರಲ್ಲಿ ಬಂದು ನೋಂದಣಿಯನ್ನೂ ದರಪಟ್ಟಿಯನ್ನೂ ಕಡ್ಡಾಯ ಮಾಡಿತು. 2017ರ ತಿದ್ದುಪಡಿ ರೋಗಿಯ ಹಕ್ಕುಗಳನ್ನು ಬರೆದಿಟ್ಟಿತು. ಇವೆಲ್ಲ ಇರಲಿಲ್ಲವೆಂಬುದು ಹಳೆಯ ನರ್ಸಿಂಗ್ ಹೋಮಿನ ನಿಜವಾದ ಕೊರತೆ, ಅದನ್ನು ಯಾವ ಹಂಬಲವೂ ಮುಚ್ಚಬಾರದು.

ಆದರೆ ಈ ಲೆಕ್ಕಪತ್ರಗಳ ನಡುವೆ ಯಾವುದೋ ಒಂದು ಕೈ ಕಾಣೆಯಾಗಿದೆ. ಇಂದಿನ ದೊಡ್ಡ ಆಸ್ಪತ್ರೆಗಳಲ್ಲಿ ಆಯಾಗಳು ಹೊರಗುತ್ತಿಗೆಯವರು. ರೋಗಿಯ ಹೆಸರು ತಿಳಿಯುವಷ್ಟರಲ್ಲಿ ಬೇರೊಂದು ಮಹಡಿಗೆ ಹೋಗುತ್ತಾರೆ. ರಾತ್ರಿ ಪಾಳಿಯ ಭಾರವನ್ನು ಇನ್ನೂ ಕಲಿಯುತ್ತಿರುವ ಹುಡುಗಿಯರ ತಲೆಗೆ ಕಟ್ಟಿ, ನಿದ್ದೆಗೆಟ್ಟ ಅವರಿಂದ, ಎರಡೆರಡು ಗಂಟೆಗೆ ರೋಗಿಯನ್ನು ಹೊರಳಿಸಲಾಗಿದೆ ಎಂಬ ಕಾಗದಕ್ಕೆ ಬೆಳಗಿನ ಜಾವ ಒಂದೇ ಪೆನ್ನಿನಲ್ಲಿ, ಒಂದೇ ಹೊತ್ತಿನಲ್ಲಿ, ಇಡೀ ರಾತ್ರಿಯ ಸಹಿಗಳನ್ನು ಮಾಡಿಸುವ ವಾರ್ಡುಗಳನ್ನು ಕಂಡವರಿದ್ದಾರೆ. ಕಾಗದ ತುಂಬಿರುತ್ತದೆ, ಸೊಂಟದ ಕೆಳಗೆ ಹುಣ್ಣು ಬಾಯಿ ತೆರೆದಿರುತ್ತದೆ. ಆಸ್ಪತ್ರೆಗಳಿಗೆ ಗುಣಮಟ್ಟದ ಮಾನ್ಯತೆ ನೀಡಲು ರಾಷ್ಟ್ರೀಯ ಮಂಡಳಿಯೇ ಇದೆ, ಅದು ಕೇಳುವ ಪ್ರಶ್ನೆಗಳೂ ಸರಿಯಾದವೇ. ತಪಾಸಣೆ ಬರುತ್ತದೆಂದು ತಿಳಿದ ಆಸ್ಪತ್ರೆ ಕೊಡುವ ಉತ್ತರ ಮಾತ್ರ ಆ ಹಗಲಿನದು, ಕಾಗದದ್ದು. ಇದು ಕಂಡೂ ಸುಮ್ಮನಿರಬಹುದಾದ ಸಂಗತಿಯಲ್ಲ. ಬರೆದದ್ದನ್ನು ಆರೈಕೆ ಎಂದು ಒಪ್ಪಿಕೊಳ್ಳುವ ತಪಾಸಣೆ, ಬರೆಯಲು ಬಾರದೆ ಜೀವ ಉಳಿಸಿದವಳನ್ನು ಸೊನ್ನೆ ಎಂದು ಎಣಿಸುತ್ತದೆ. ಆಕೆಯ ಕೈ ಮತ್ತು ಇಂದಿನ ಕಾಗದ ಒಂದೇ ಹಾಸಿಗೆಯ ಬಳಿ ಸೇರಬೇಕಾಗಿತ್ತು, ಒಂದು ಬರುವ ಹೊತ್ತಿಗೆ ಇನ್ನೊಂದನ್ನು ಹೊರಗೆ ಕಳುಹಿಸಲಾಯಿತು.

ಕಟ್ಟಡ ಕೆಡವಿದ ದಿನ ಕಿಟಕಿಯ ಸರಳುಗಳೂ ಮಂಚಗಳೂ ತೂಕದ ಲೆಕ್ಕದಲ್ಲಿ ಗುಜರಿಯವನ ಗಾಡಿಗೆ ಹೋದವು, ಅವುಗಳೊಂದಿಗೆ ಆ ಸ್ಟೂಲೂ ಹೋಯಿತು. ವಿದ್ಯಾರ್ಥಿನಿಯ ಪ್ರಶ್ನೆಗೆ ಅಲ್ಲಿದ್ದವರು ತಮಗೆ ತೋಚಿದಂತೆ ಉತ್ತರ ಹೇಳಿದರು: ವಾಸನೆ ಎಂದರು, ಡಾಕ್ಟ್ರಮ್ಮನ ಕೈಗುಣ ಎಂದರು, ಆ ಕಾಲವೇ ಹಾಗಿತ್ತು ಎಂದರು. ಆ ಮನೆಯಲ್ಲಿ ಮೂರು ಬಾರಿ ಹೆತ್ತಿದ್ದ ಮುದುಕಿಯೊಬ್ಬಳು ಮಾತ್ರ ಸ್ಟೂಲಿನ ವಿಷಯ ತೆಗೆದಳು. ಅದು ಎಲ್ಲಿತ್ತು ಎಂದು ಹುಡುಗಿ ಕೇಳಿದಾಗ, ಇಟ್ಟಿಗೆಯ ರಾಶಿಯ ಕಡೆ ಕೈತೋರಿಸಿ, “ಮಂಚದಿಂದ ನಾಲ್ಕು ಹೆಜ್ಜಿ, ಅಷ್ಟs ನೋಡವ್ವಾ” ಎಂದಳು.