ನಿಂಬೆಹಣ್ಣು, ಕವಡಿ ಮತ್ತು ಒಂದು ‘ಬ್ಯಾಡ’

ರೊಟ್ಟಿ ಹಬ್ಬ

ಪಂಚಮಿಗೆಂದು ತಂಗಿ ತವರಿಗೆ ಬಂದಿದ್ದಾಳೆ. ಅವಳ ಮಗಳು, ನನ್ನ ಸೊಸಿಗೆ 14; ಮಗ, ನನ್ನ ಅಳಿಯನಿಗೆ 12. ಅಡುಗೆಮನೆಯಿಂದ ಸಜ್ಜಿ ರೊಟ್ಟಿ ಬಡಿಯುವ ಸಪ್ಪಳ. ಹೊರಗೆ ಕಟ್ಟೆಯ ಮೇಲೆ ಗಂಡಸರು ಹಬ್ಬದ ಶರತ್ತುಗಳನ್ನು ಗೊತ್ತುಮಾಡುತ್ತಿದ್ದಾರೆ. ನಮ್ಮೂರಾದ ಕಟಕೋಳದ ಅಗಸಿಯಿಂದ ಮುಂದಿನ ಊರಿಗೆ ಎಷ್ಟು ಒಗೆತಕ್ಕೆ ನಿಂಬೆಹಣ್ಣು ಮುಟ್ಟಿಸುವುದು, ಜೋಳದ ಚೀಲ ಹೊತ್ತು ಹನುಮಪ್ಪನ ಗುಡಿ ಎಷ್ಟು ಸುತ್ತು ಹಾಕುವುದು, ಕಣ್ಣು ಕಟ್ಟಿಕೊಂಡು ಎಲ್ಲಿಯವರೆಗೆ ನಡೆಯುವುದು. ಸೋತವರು ಕೊಬ್ಬರಿ ಬಟ್ಟಲೋ ರೊಕ್ಕವೋ ಕೊಡಬೇಕು.

ಪಂಚಮಿ ಹೆಣ್ಣುಮಕ್ಕಳ ಹಬ್ಬ. ಆದರೆ ಇಷ್ಟು ಶರತ್ತುಗಳಲ್ಲಿ ಒಂದರಲ್ಲೂ ಹೆಣ್ಣಿನ ಹೆಸರಿಲ್ಲ. ಬರಬೇಡಿ ಎಂದು ಯಾರೂ ಅಂದಿಲ್ಲ, ಬನ್ನಿ ಎಂದೂ ಯಾರೂ ಕರೆದಿಲ್ಲ. ಚಿಕ್ಕಂದಿನಿಂದ ನೋಡುತ್ತ ಬಂದಿದ್ದೇನೆ, ಇದು ಹೀಗೇಕೆ ಎಂಬುದು ಬಗೆಹರಿದಿಲ್ಲ. ಹೆಂಗಸರಿಗೆ ಗೆಲ್ಲುವ ಆಸೆಯೇ ಕಡಿಮೆಯೋ? ಈ ಸಲ ಕಂಡದ್ದನ್ನು ಬರೆದಿಡಬೇಕೆಂದು ಪುಸ್ತಕ ತೆಗೆದಿದ್ದೇನೆ.

ಚೌತಿ, ಮಧ್ಯಾಹ್ನ

ನಾಗಪ್ಪನಿಗೆ ಹಾಲೆರೆದು ಬಂದು, ಉಂಡಿ ತಿಂದು, ಹೆಂಗಸರು ಪಡಸಾಲೆಯಲ್ಲಿ ಕುಳಿತರು. ಚಿಗವ್ವ ಬಳಪದಿಂದ ನೆಲದ ಮೇಲೆ ಐದಕ್ಕೆ ಐದರ ಚೌಕಾಬಾರಾ ಮನೆ ಬರೆದಳು. ನಾಲ್ಕು ಕವಡಿ, ಬಳೆಚೂರು, ಹುಣಸಿ ಬೀಜ, ಹರಳು. ನಾನು ಕಂಬಕ್ಕೆ ಒರಗಿ ನೋಡುತ್ತಿದ್ದೆ.

ಈ ಆಟಕ್ಕೊಂದು ಕಟ್ಟಳೆಯಿದೆ. ಎದುರಾಳಿಯ ಒಂದು ಕಾಯಿಯನ್ನಾದರೂ ಕಡಿಯದ ಹೊರತು ನಮ್ಮ ಕಾಯಿ ಒಳಸುತ್ತಿಗೆ ಹೋಗುವಂತಿಲ್ಲ. ಒಳಗೆ ಹೋಗದ ಕಾಯಿ ಹಣ್ಣಾಗುವುದಿಲ್ಲ. ಕಡಿಯಲು ಮನಸ್ಸಿಲ್ಲದವರಿಗೆ ಇಲ್ಲಿ ಗೆಲುವಿಲ್ಲ.

ಚಿಗವ್ವನ ಒಡಹುಟ್ಟಿದ ತಂಗಿಯ ಕಾಯಿ ಹಣ್ಣಾಗಲು ಒಂದೇ ಮನೆ ಉಳಿದಿತ್ತು. ಚಿಗವ್ವ ಕವಡಿಗಳನ್ನು ಅಂಗೈಯಲ್ಲಿ ಉಜ್ಜಿ, ಬಾಯಿಯ ಹತ್ತಿರ ತಂದು ಏನೋ ಹೇಳಿ, ಒಗೆದಳು. ಮೂರು ಬಿತ್ತು. ಬೇಕಿದ್ದದ್ದೂ ಮೂರೇ.

“ಕಡದೆ!”

“ಅಕ್ಕಾ, ಒಂದ ಮನಿ ಉಳದಿತ್ತಲ್ಲ, ಬಿಡಬಾರದೇನ?”

“ಆಟದಾಗ ಅಕ್ಕನೂ ಇಲ್ಲ, ತಂಗಿನೂ ಇಲ್ಲ. ನಡಿ, ಮೊದಲಿಂದ ಬಾ.”

ಚಿಗವ್ವನಿಗೆ ಈಗ 68. ಅವಳ ಕಣ್ಣಿನಲ್ಲಿ ಆ ಹೊತ್ತು ಕಂಡದ್ದು ಕುಸ್ತಿ ಕಣದ ಪೈಲ್ವಾನನ ಕಣ್ಣಿನಲ್ಲಿ ಕಾಣುವ ಜಿದ್ದೇ. ಇಂಥವಳನ್ನು ಮುಂದಿಟ್ಟುಕೊಂಡು ಹೆಂಗಸರಿಗೆ ಗೆಲ್ಲುವ ಆಸೆ ಕಡಿಮೆ ಎಂದು ಹೇಗೆ ಬರೆಯಲಿ?

ಚೌತಿ, ರಾತ್ರಿ

ಓದಿದ್ದನ್ನು ನೆನಪು ಮಾಡಿಕೊಂಡು ಬರೆಯುತ್ತಿದ್ದೇನೆ. ಅಮೆರಿಕದಲ್ಲಿ ಕೆಲಸ ಮಾಡುವ ಮುರಿಯಲ್ ನೀಡರ್ಲೆ ಮತ್ತು ಲಿಸ್ ವೆಸ್ಟರ್ಲುಂಡ್ 2007ರಲ್ಲಿ ಪ್ರಕಟಿಸಿದ ಪ್ರಯೋಗ: ಐದು ನಿಮಿಷ, ಎರಡಂಕಿಯ ಐದೈದು ಸಂಖ್ಯೆ ಕೂಡಿಸುವ ಲೆಕ್ಕ. ಸರಿ ಮಾಡಿದ ಲೆಕ್ಕಕ್ಕೆ ಇಷ್ಟು ಎಂದು ಕೂಲಿ ತೆಗೆದುಕೊಳ್ಳಬಹುದು, ಇಲ್ಲವೇ ನಾಲ್ವರ ಪಂದ್ಯಕ್ಕಿಳಿದು ಗೆದ್ದರೆ ಹೆಚ್ಚು, ಸೋತರೆ ಏನೂ ಇಲ್ಲ. ಲೆಕ್ಕ ಮಾಡುವುದರಲ್ಲಿ ಗಂಡು ಹೆಣ್ಣು ಸರಿಸಮ. ಆದರೂ ಪಂದ್ಯ ಆರಿಸಿಕೊಂಡ ಗಂಡಸರು ಶೇಕಡಾ 73, ಹೆಂಗಸರು 35.

ಹಾಗಾದರೆ ಇದು ಹುಟ್ಟುಗುಣವೇ ಎಂದು ಕೇಳಿದರೆ ಯೂರಿ ಗ್ನೀಜಿ ಮತ್ತು ಸಂಗಡಿಗರ 2009ರ ಕೆಲಸ ತಡೆಯುತ್ತದೆ. ಅವರು ತಾಂಜಾನಿಯಾದ ಮಾಸಾಯಿ ಜನರ ಹತ್ತಿರವೂ ನಮ್ಮದೇ ದೇಶದ ಮೇಘಾಲಯದ ಖಾಸಿ ಜನರ ಹತ್ತಿರವೂ ಹೋದರು. ಮೂರು ಮೀಟರ್ ದೂರದ ಬಕೆಟ್ಟಿಗೆ ಹತ್ತು ಸಲ ಟೆನ್ನಿಸ್ ಚೆಂಡು ಒಗೆಯುವುದು. ಬಿದ್ದ ಚೆಂಡಿಗೆ ಇಷ್ಟು ಎಂದು ದುಡ್ಡು, ಇಲ್ಲವೇ ಮುಖ ಕಾಣದ ಒಬ್ಬರೊಡನೆ ಪಂದ್ಯ, ಗೆದ್ದರೆ ಮೂರು ಪಟ್ಟು. ಗಂಡಸರ ಆಳ್ವಿಕೆಯ ಮಾಸಾಯಿಗಳಲ್ಲಿ ಪಂದ್ಯ ಬೇಕೆಂದ ಗಂಡಸರು ಶೇಕಡಾ 50, ಹೆಂಗಸರು 26. ತಾಯಿಯ ಕಡೆಯಿಂದ ಮನೆತನ ನಡೆಯುವ, ಕಿರಿಯ ಮಗಳಿಗೆ ಆಸ್ತಿ ಹೋಗುವ ಖಾಸಿಗಳಲ್ಲಿ ಹೆಂಗಸರು 54, ಗಂಡಸರು 39.

ಮೂರು ಮೀಟರ್, ಒಂದು ಬಕೆಟ್. ನಮ್ಮ ಹಿತ್ತಲಲ್ಲೂ ಜಾಗ ಇದೆ.

ಪಂಚಮಿ

ಬೇವಿನ ಮರಕ್ಕೆ ಜೋಕಾಲಿ ಕಟ್ಟಿದ್ದೇವೆ. ಅದರ ಪಕ್ಕ ಬಕೆಟ್ ಇಟ್ಟು, ಹತ್ತು ನಿಂಬೆಹಣ್ಣು ತಂದೆ. ಮಕ್ಕಳನ್ನು ಕರೆದು, ಒಬ್ಬರೇ ಒಗೆದರೆ ಬಿದ್ದ ಹಣ್ಣಿಗೆ ಒಂದೊಂದು ರೂಪಾಯಿ, ಪಂದ್ಯ ಕಟ್ಟಿ ಗೆದ್ದರೆ ಮೂರು ಮೂರು ಎಂದೆ.

ಸೊಸಿ ತಟ್ಟನೆ ಹೇಳಿದಳು: “ನಾ ಒಬ್ಬಾಕಿನ ಒಗಿತೀನಿ ಮಾಮಾ. ಪಂದ್ಯ ಬ್ಯಾಡ.”

“ಆತು ಬಿಡವಾ” ಎಂದೆ. ಅಲ್ಲಿದ್ದವರೆಲ್ಲ ಹಾಗೇ ಅಂದರು.

ಅಳಿಯನೂ ಅದನ್ನೇ ಹೇಳಿದ: “ನನಗೂ ಬ್ಯಾಡ. ನಾ ಜೋಕಾಲಿ ಆಡತೀನಿ.”

ಕಟ್ಟೆಯ ಮೇಲಿಂದ ಒಬ್ಬರು ಕೂಗಿದರು: “ಹಂಗಾರ ಕೈಗೆ ಬಳಿ ಇಟ್ಕೊ ಹೋಗ!” ಎಲ್ಲರೂ ನಕ್ಕರು. ಹುಡುಗ ಕಿವಿಯವರೆಗೆ ಕೆಂಪಾಗಿ, ನಿಂಬೆಹಣ್ಣು ತೆಗೆದುಕೊಂಡು, ಓಣಿಯ ಇನ್ನೊಬ್ಬ ಹುಡುಗನೊಡನೆ ಪಂದ್ಯಕ್ಕೆ ನಿಂತ. ಮೂರು ಬಿದ್ದವು, ಸೋತ. ಆಮೇಲೆ ಜೋಕಾಲಿ ಕಡೆಗೂ ಹೋಗಲಿಲ್ಲ.

ಇಳಿಹೊತ್ತಿಗೆ ಹಿತ್ತಲಿಗೆ ಹೋದಾಗ ಸೊಸಿ ಒಬ್ಬಳೇ ಒಗೆಯುತ್ತಿದ್ದಳು. ಎಷ್ಟು ಬಿತ್ತವಾ ಎಂದು ಕೇಳಿದೆ. “ಮುಂಜಾನೆ ನಾಕು, ಈಗ ಆರು.” ಕತ್ತಲಾಗಿ ಬಕೆಟ್ ಕಾಣದಂತಾಗುವವರೆಗೆ ಒಗೆದಳು. ಎಂಟು ಬಿದ್ದ ಮೇಲೆಯೇ ಒಳಗೆ ಬಂದದ್ದು.

ಕೋರೆನ್ ಅಪಿಸೆಲ್ಲಾ ಮತ್ತು ಸಂಗಡಿಗರು 2017ರಲ್ಲಿ ಹೇಳಿದ್ದು ಇಲ್ಲಿ ನೆನಪಾಯಿತು. ಇನ್ನೊಬ್ಬರೊಡನೆ ಪಂದ್ಯ ಎಂದಾಗ ಗಂಡು ಹೆಣ್ಣಿನ ನಡುವೆ ಅಂತರ ಕಾಣುತ್ತದೆ. ತಮ್ಮದೇ ಹಿಂದಿನ ಲೆಕ್ಕವನ್ನು ಮೀರಿಸುವ ಪಂದ್ಯ ಎಂದಾಗ ಆ ಅಂತರ ಇಲ್ಲ. ಸೊಸಿ ಮುಂಜಾನೆ ಬೇಡ ಎಂದದ್ದು ಹಾಗಾದರೆ ಏನನ್ನು?

ಕರಿ

ನಿನ್ನೆಯ ನನ್ನ ಪ್ರಶ್ನೆಗೆ ಚಿಗವ್ವ ಕಸ ಹೊಡೆಯುತ್ತಲೇ ಉತ್ತರ ಕೊಟ್ಟಳು. “ಮಂದಿ ಮುಂದ ಗೆದ್ರ ಗಂಡುಬೀರಿ ಅಂತಾರ, ಸೋತ್ರ ನಗತಾರ. ಪಡಸಾಲ್ಯಾಗ ಆಡಿದ್ರ ಯಾರೇನ ಅಂತಾರ, ತಮ್ಮಾ?”

ಎರಡು ಮಾತುಗಳನ್ನು ಪಕ್ಕಪಕ್ಕ ಬರೆದುಕೊಂಡೆ. ಪಂದ್ಯಕ್ಕಿಳಿದ ಹೆಣ್ಣಿಗೆ ‘ಗಂಡುಬೀರಿ’. ಪಂದ್ಯ ಬೇಡವೆಂದ ಗಂಡಿಗೆ ‘ಬಳಿ ಇಟ್ಕೊ’. ಒಂದು ಮಾತು ಹೆಣ್ಣನ್ನು ಕಣದಿಂದ ಹೊರಗೆ ನೂಕುತ್ತದೆ, ಇನ್ನೊಂದು ಗಂಡನ್ನು ಕಣದೊಳಕ್ಕೆ ನೂಕುತ್ತದೆ. ಹೀಗೆ ನೂಕಿದ ಮೇಲೆ ಕಣದ ಒಳಗಿದ್ದವರನ್ನೂ ಹೊರಗಿದ್ದವರನ್ನೂ ಎಣಿಸಿ ‘ಇದು ಅವರವರ ಸ್ವಭಾವ’ ಎನ್ನುತ್ತೇವೆ.

ಮರುದಿನ

ಅಳಿಯ ಮೊಬೈಲಿನಲ್ಲಿ ಬಿಜಿಎಂಐ ಎಂಬ ಗುಂಡಿನ ಕಾಳಗದ ಆಟ ಆಡುತ್ತಾನೆ. ಸೊಸಿಯೂ ಆಡುತ್ತಾಳೆಂದು ನನಗೆ ಗೊತ್ತಿರಲಿಲ್ಲ. ಅವಳು ಇಟ್ಟುಕೊಂಡಿರುವುದು ಹುಡುಗನ ಹೆಸರು. ಮೈಕ್ ಯಾವಾಗಲೂ ಬಂದ್. “ಹುಡುಗಿ ದನಿ ಕೇಳಿದ್ರ ಆಟ ಬಿಟ್ಟು ಬ್ಯಾರೇನ ಮಾತಾಡತಾರ ಮಾಮಾ.” ಆದರೆ ‘ಚಿಕನ್ ಡಿನ್ನರ್’, ಅಂದರೆ ಆ ಆಟದ ಗೆಲುವು, ತಮ್ಮನಿಗಿಂತ ಹೆಚ್ಚು ಸಲ ಹೊಡೆದವಳು ಅವಳೇ. ಹಿತ್ತಲಲ್ಲಿ ಒಬ್ಬರೊಡನೆ ಪಂದ್ಯ ಬೇಡವೆಂದ ಹುಡುಗಿ ಹೆಸರು ಮರೆಮಾಡಿ ಊರು ಕೇರಿ ಗೊತ್ತಿಲ್ಲದವರೊಡನೆ ದಿನಾ ಪಂದ್ಯಕ್ಕಿಳಿಯುತ್ತಾಳೆ.

ಅದೇ ದಿನ, ಸಂಜೆ

ನಮ್ಮ ಸೀಮೆಯಲ್ಲಿ ಹೆಣ್ಣನ್ನು ಕರೆದು ಕಣಕ್ಕಿಳಿಸಿದ ಉದಾಹರಣೆ ಇಲ್ಲವೇ ಎಂದು ಯೋಚಿಸಿದೆ. ಇದೆ. ಗೀಗೀ ಮೇಳದಲ್ಲಿ ಹರದೇಶಿಯವರು ಗಂಡು ಹೆಚ್ಚೆಂದು, ನಾಗೇಶಿಯವರು ಹೆಣ್ಣು ಹೆಚ್ಚೆಂದು ಬೆಳತನಕ ಸವಾಲು ಜವಾಬು ಹಾಡುತ್ತಾರೆ. ಹಾಡಿಕೆಯ ಹೆಣ್ಣುಮಗಳು ಊರ ಜನರೆದುರು ನಿಂತು ಎದುರಾಳಿಯ ಮಾತು ಕಡಿಯುತ್ತಾಳೆ. ಅಲ್ಲಿ ಅವಳ ಜಿದ್ದೇ ಮೇಳದ ಜೀವ. ಅವಳು ಸುಮ್ಮನಾದರೆ ಜನ ಎದ್ದು ಮನೆಗೆ ಹೋಗುತ್ತಾರೆ. ಬೈಲಹೊಂಗಲ ತಾಲೂಕಿನ ಬೆಳವಡಿಯ ಮಲ್ಲಮ್ಮನ ಹೆಣ್ಣುಪಡೆಯ ನೆನಪನ್ನು, 1824ರ ಕಿತ್ತೂರ ಚೆನ್ನಮ್ಮನ ಹೆಸರನ್ನು ಎದೆ ಉಬ್ಬಿಸಿ ಹೇಳುವವರೂ ನಾವೇ.

ಬೇರೆಡೆಯೂ ಕರೆ ತಡವಾಗಿಯೇ ಬಂದಿದೆ. 1928ರ ಒಲಿಂಪಿಕ್ಸ್‌ನಲ್ಲಿ ಹೆಂಗಸರು 800 ಮೀಟರ್ ಓಡಿದರು. ಅವರ ಮೈಗೆ ಇದು ಆಗದು ಎಂದು ಅದನ್ನು ತೆಗೆದುಹಾಕಿದರು, ಮತ್ತೆ ಸೇರಿಸಿದ್ದು 1960ರಲ್ಲಿ. ಮಹಿಳಾ ಕುಸ್ತಿ ಒಲಿಂಪಿಕ್ಸ್‌ಗೆ ಬಂದದ್ದು 2004ರಲ್ಲಿ. ಕರೆದ ಮೇಲೂ ಅಳತೆ ಬೇರೆ: ಕಬಡ್ಡಿಯಲ್ಲಿ ಗಂಡಸರಿಗೆ 20 ನಿಮಿಷದ ಎರಡು ಅವಧಿ, ಹೆಂಗಸರಿಗೆ 15 ನಿಮಿಷದ ಎರಡು.

ಕರೆ ಬಂದಲ್ಲಿ ಏನಾಗಿದೆ ಎಂಬುದೂ ಕಣ್ಣ ಮುಂದಿದೆ. ನಮ್ಮ ರಾಮದುರ್ಗದ ಪಕ್ಕ ಹರಿಯುವ ಹೊಳೆಯ ಹೆಸರನ್ನೇ ಹೊತ್ತ, ಬೆಳಗಾವಿ ಹತ್ತಿರದ ತುರಮುರಿಯ ಮಲಪ್ರಭಾ ಜಾಧವ 2018ರ ಏಷ್ಯನ್ ಕ್ರೀಡಾಕೂಟದ ಕುರಾಶ್ ಎಂಬ ಕುಸ್ತಿಯಲ್ಲಿ ಕಂಚು ಗೆದ್ದರು. 2025ರ ಜನವರಿಯಲ್ಲಿ ದಿಲ್ಲಿಯ ಮೊದಲ ಖೋಖೋ ವಿಶ್ವಕಪ್ಪನ್ನು ನಮ್ಮ ಹೆಣ್ಣುಮಕ್ಕಳು ನೇಪಾಳದ ಮೇಲೆ 78–40ರಿಂದ ಗೆದ್ದಾಗ ತಂಡದಲ್ಲಿ ತಿ. ನರಸೀಪುರ ತಾಲೂಕಿನ ಕುರುಬೂರಿನ ಬಿ. ಚೈತ್ರಾ ಇದ್ದರು.

ತಂಗಿ ಹೊರಟ ದಿನ

ಬಸ್ಸಿಗೆ ಕಾಯುವಾಗ ಸೊಸಿಯನ್ನು ಇನ್ನೊಮ್ಮೆ ಕೇಳಿದೆ. “ಮುಂದಿನ ಪಂಚಮಿಗೆ ನನ್ನ ಕೂಡ ಪಂದ್ಯ ಕಟ್ಟತಿಯೇನವಾ?”

ಸ್ವಲ್ಪ ಹೊತ್ತು ಸುಮ್ಮನಿದ್ದಳು. “ಎಷ್ಟರದು?” ಎಂದಳು.

ಹುಟ್ಟುಗುಣ ಎಷ್ಟು, ಬೆಳೆಸಿದ ಗುಣ ಎಷ್ಟು ಎಂಬ ಗೊಂದಲ ಈ ಕೆಲವು ದಿನಗಳ ಟಿಪ್ಪಣಿಯಿಂದ ತೀರಿಲ್ಲ. ಆದರೆ ನಾನೇ ಮಾಡಿದ ಒಂದು ತಪ್ಪು ಸ್ಪಷ್ಟವಾಗಿ ಕಂಡಿತು. ಹುಡುಗಿಯ ‘ಬ್ಯಾಡ’ವನ್ನು ನಾನು ಒಂದೇ ಮಾತಿಗೆ ಒಪ್ಪಿಕೊಂಡೆ. ಹುಡುಗನ ‘ಬ್ಯಾಡ’ಕ್ಕೆ ಎಲ್ಲರೂ ನಕ್ಕಾಗ ಬಾಯಿಮುಚ್ಚಿ ನಿಂತೆ. ನಿಮ್ಮ ಹಿತ್ತಲಲ್ಲಿ, ನಿಮ್ಮ ಶಾಲೆಯ ಬಯಲಲ್ಲಿ ಮಕ್ಕಳನ್ನು ಆಡಿಸುವಾಗ ಇಷ್ಟು ಮಾಡಿ: ಹುಡುಗಿ ಬೇಡವೆಂದರೆ ಎರಡನೇ ಸಲ ಕೇಳಿ. ಹುಡುಗ ಬೇಡವೆಂದರೆ ಮೊದಲ ಸಲಕ್ಕೇ ಬಿಡಿ.