ಎರಡು ರೈಲುಗಳ ನಡುವಿನ ಹಗಲು

ಹಳೆಯ ಗುಡಿ ನೋಡಲು ಹೊರಟರೆ ನನಗೆ ಪ್ಯಾಸೆಂಜರ್ ರೈಲೇ ಆಗಬೇಕು. ಟೂರಿಸ್ಟ್ ಬಸ್ಸು ಒಂದೇ ಹಗಲಿನಲ್ಲಿ ಶ್ರವಣಬೆಳಗೊಳ, ಬೇಲೂರು, ಹಳೇಬೀಡು ಮೂರನ್ನೂ ತೋರಿಸಿಕೊಂಡು ಬರುತ್ತದೆ. ಹಾಗೆ ಹೋಗಿಬಂದವರನ್ನು ವಾರ ಬಿಟ್ಟು ಮಾತಾಡಿಸಿದರೆ ಯಾವ ಶಿಲ್ಪ ಯಾವ ಊರಿನದು ಎಂಬುದೇ ಕಲಸಿಹೋಗಿರುತ್ತದೆ. ರೈಲಿನ ಲೆಕ್ಕ ಬೇರೆ. ಬೆಳಗ್ಗೆ ಒಂದು ಚಿಕ್ಕ ಸ್ಟೇಷನ್ನಿನಲ್ಲಿ ನಮ್ಮನ್ನು ಇಳಿಸಿ ಅದು ತನ್ನ ಪಾಡಿಗೆ ಹೊರಟುಬಿಡುತ್ತದೆ. ನಾವು ವಾಪಸು ಹತ್ತುವ ಗಾಡಿ ಬರುವುದು ಸಾಯಂಕಾಲಕ್ಕೆ. ನಡುವಿನ ಇಡೀ ಹಗಲು ಆ ಊರಿನದು, ಆ ಗುಡಿಯದು. ಬೆಳಗ್ಗೆ ನೋಡಿದ ಗೋಡೆಯನ್ನೇ ಮಧ್ಯಾಹ್ನ ಮತ್ತೊಮ್ಮೆ ನೋಡುತ್ತೇವೆ, ಬಿಸಿಲು ಇಳಿದ ಮೇಲೆ ಇನ್ನೊಮ್ಮೆ. ಕಲ್ಲಿನಲ್ಲಿ ಕೆತ್ತಿದ್ದನ್ನು ನೋಡಲು ಇಷ್ಟು ಹೊತ್ತು ಬೇಕೇಬೇಕು ಎಂದು ನಾನು ನಂಬಿದ್ದೇನೆ.

ನಮ್ಮೂರು ಬೆಳ್ಳಾವಿಯಲ್ಲಿ ನಮಗೆಲ್ಲ ಈ ರುಚಿ ಹತ್ತಿಸಿದವರು ಮೇಷ್ಟ್ರು. ಸಮಾಜ ವಿಜ್ಞಾನ ಪಾಠ ಮಾಡುತ್ತಿದ್ದು ಈಗ ನಿವೃತ್ತರಾಗಿದ್ದಾರೆ. ಸಂಕ್ರಾಂತಿ ಕಳೆದು ಕೊಯ್ಲು, ಕಣದ ಕೆಲಸ ಮುಗಿದ ಮೇಲೆ ಅವರು ದಿನ ಗೊತ್ತುಮಾಡುತ್ತಾರೆ. ಸ್ತ್ರೀಶಕ್ತಿ ಸಂಘದ ಹೆಂಗಸರು, ಅವರ ಬೆನ್ನು ಹತ್ತಿದ ಮಕ್ಕಳು, ತೋಟದ ಕೆಲಸದಿಂದ ಒಂದು ದಿನ ಬಿಡುವು ಮಾಡಿಕೊಂಡ ಗಂಡಸರು, ಹೀಗೆ ಒಂದು ಗುಂಪು ಸೇರುತ್ತದೆ. 2023ರ ಜೂನ್‌ನಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತವಾದ ಮೇಲಂತೂ ಹೆಂಗಸರೇ ಜಾಸ್ತಿ. "ತುಮ್ಕೂರ್ತನಕ ಬಸ್ಸು ಫ್ರೀ, ಅಲ್ಲಿಂದಾಚೆಗೆ ರೈಲು ಚಾರ್ಜು ಎಷ್ಟಾದಾತು, ನಡೀರಿ" ಎಂದು ಹಿರಿಯರೊಬ್ಬರು ಹೇಳಿದರೆ ಸಾಕು, ಮಿಕ್ಕವರು ಬುತ್ತಿ ಕಟ್ಟಲು ಶುರುಮಾಡುತ್ತಾರೆ.

ಬೆಳಗಿನ ಹೊತ್ತು ತುಮಕೂರು ಸ್ಟೇಷನ್ನಿನಲ್ಲಿ ಜನವೆಲ್ಲ ಬೆಂಗಳೂರಿನ ಕಡೆಗೆ. ಕೆಲಸಕ್ಕೆ, ಕಾಲೇಜಿಗೆ ಹೋಗುವವರು ಕಾಲಿಡಲು ಜಾಗವಿಲ್ಲದಂತೆ ನಿಂತಿರುತ್ತಾರೆ. ನಾವು ಹೋಗುವುದು ಅರಸೀಕೆರೆಯ ಕಡೆಗೆ, ಆದ್ದರಿಂದ ಕಿಟಕಿ ಪಕ್ಕದ ಸೀಟು ಎಲ್ಲರಿಗೂ ಸಿಗುತ್ತದೆ. ಗಾಡಿ ಮಲ್ಲಸಂದ್ರ ದಾಟಿ ಗುಬ್ಬಿಯಲ್ಲಿ ನಿಂತಾಗ ಮೇಷ್ಟ್ರು ಒಂದು ಮಾತು ಹೇಳದೆ ಬಿಡುವುದಿಲ್ಲ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಗೆ ವೀರಣ್ಣನವರ ಕಾಲದಲ್ಲಿ ನಾಟಕ ಬರೆದುಕೊಟ್ಟವರು ಬೆಳ್ಳಾವೆ ನರಹರಿಶಾಸ್ತ್ರಿಗಳು; 1934ರ 'ಸತಿ ಸುಲೋಚನಾ' ಚಿತ್ರಕ್ಕೆ ಮಾತು, ಹಾಡು ಬರೆದವರೂ ಅವರೇ. ಪಂಪಭಾರತವನ್ನು ಸಂಪಾದಿಸಿದ, 1937ರಲ್ಲಿ ಜಮಖಂಡಿಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದ ವೆಂಕಟನಾರಣಪ್ಪನವರೂ ಬೆಳ್ಳಾವೆಯೇ. ನಮ್ಮೂರಿನ ಹೆಸರನ್ನು ಹೊತ್ತ ಇಬ್ಬರ ನೆನಪು ಆ ಪ್ಲಾಟ್‌ಫಾರ್ಮಿನ ಮೇಲೆ ಆಗುವುದು ನನಗೆ ಬಹಳ ಸಂತೋಷ ಕೊಡುತ್ತದೆ.

ಆಮೇಲೆ ನಿಟ್ಟೂರು. ಊರೊಳಗೆ ಹೊಯ್ಸಳರ ಕಾಲದ ಬಸದಿ ಇದೆ, ಅದಕ್ಕೇ ಒಂದು ದಿನ ಬೇರೆ ಇಡಬೇಕು. ಸಂಪಿಗೆ ರೋಡ್, ಸಿಮೆಂಟ್ ಕಾರ್ಖಾನೆಯ ಅಮ್ಮಸಂದ್ರ, ತುರುವೇಕೆರೆಗೆ ಇಳಿಯುವವರ ಬಾಣಸಂದ್ರ. ಕಿಟಕಿಯಾಚೆ ತೆಂಗಿನ ತೋಟ ಮುಗಿಯುವ ಲಕ್ಷಣವೇ ಇರುವುದಿಲ್ಲ. ನಡುನಡುವೆ ರಾಗಿ ಕೊಯ್ದ ಹೊಲ, ಕೆರೆ ಏರಿ, ಏರಿಯ ಕೆಳಗೆ ಅಡಿಕೆ. ಈ ಕಡೆಯ ಗುಡಿಗಳನ್ನು ಕಟ್ಟಿಸಿದವರು ದತ್ತಿ ಬಿಟ್ಟಿದ್ದು ಇಂಥ ಕೆರೆಯ ಕೆಳಗಿನ ಗದ್ದೆಗಳನ್ನೇ, ಇಂಥ ತೋಟಗಳನ್ನೇ. ಮೇಷ್ಟ್ರ ಚೀಲದಲ್ಲಿ ಶಾಸನಗಳ ಜೆರಾಕ್ಸ್ ಇರುತ್ತದೆ. ಬಿ.ಎಲ್. ರೈಸ್ 1904ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ 12ನೇ ಸಂಪುಟ ಪೂರ್ತಿ ತುಮಕೂರು ಜಿಲ್ಲೆಯ ಶಾಸನಗಳದ್ದು. ಯಾವ ಕೆರೆ, ಎಷ್ಟು ಗದ್ದೆ, ಎಲ್ಲಿಂದೆಲ್ಲಿಗೆ ಎಲ್ಲೆ ಎಂಬುದನ್ನು ಅವರು ಓದುತ್ತಿದ್ದರೆ ನಮ್ಮ ಗುಂಪಿನ ರೈತರು ಕಿಟಕಿಯಿಂದ ಬಗ್ಗಿ ನೋಡುತ್ತಾ, "ಈ ಮಣ್ಣಾದ್ರೆ ಸರಿ, ಭತ್ತ ಚೆನ್ನಾಗಿ ಬರ್ತದೆ" ಎಂದು ತೀರ್ಪು ಕೊಡುತ್ತಾರೆ. ಶಾಸನವನ್ನು ಮಣ್ಣಿನ ಜೊತೆ ತಾಳೆ ನೋಡಬಲ್ಲವರು ಅವರೇ.

ಗುಡಿಯ ವಿಷಯ ಮಾತ್ರ ಮೇಷ್ಟ್ರು ರೈಲಿನಲ್ಲಿ ಹೇಳುವುದಿಲ್ಲ. ಅದರ ಬದಲು ಮಕ್ಕಳ ಕೈಗೆ ಒಂದೊಂದು ಚೀಟಿ ಕೊಡುತ್ತಾರೆ. ಒಂದರಲ್ಲಿ 'ಇಂದ್ರ', ಇನ್ನೊಂದರಲ್ಲಿ 'ಯಮ', ಮತ್ತೊಂದರಲ್ಲಿ 'ವಾಯು'. "ಇವರನ್ನ ಹುಡುಕೋದು ನಿಮ್ಮ ಕೆಲಸ. ನನ್ನ ಕೇಳಬಾರದು." ಒಳ್ಳೆಯ ಗೈಡ್ ಹೇಗಿರಬೇಕು ಎಂದು ನಾನು ಕಲಿತದ್ದು ಇಲ್ಲಿ. ಹೇಳುವುದಕ್ಕಿಂತ ಎಲ್ಲಿ ನಿಲ್ಲಬೇಕು, ಯಾವಾಗ ನೋಡಬೇಕು ಎಂದು ತೋರಿಸುವುದು ಅವನ ಕಸುಬು.

ಅರಳಗುಪ್ಪೆಯಲ್ಲಿ ಇಳಿದು ಊರೊಳಗೆ ಬಂದರೆ ಮೊದಲು ಕಲ್ಲೇಶ್ವರನ ಗುಡಿ. ಒಂಬತ್ತನೆಯ ಶತಮಾನದ್ದು, ಗಂಗರ, ನೊಳಂಬರ ಕಾಲದ ಕೆಲಸ. ಹೊರಗಿನಿಂದ ನೋಡಿದವರು ಸಾಧಾರಣ ಗುಡಿ ಎಂದುಕೊಂಡು ಮುಂದೆ ಹೋಗಿಬಿಡಬಹುದು. ಇರುವುದೆಲ್ಲ ಒಳಗೆ, ತಲೆಯ ಮೇಲೆ, ಕತ್ತಲಲ್ಲಿ. ಬಾಗಿಲು ತೆಗೆಸಿ, ಕೈಮುಗಿದು, ನಾವೆಲ್ಲ ನೆಲದ ಮೇಲೆ ಟವಲು ಹಾಸಿಕೊಂಡು ಅಂಗಾತ ಮಲಗುತ್ತೇವೆ. ಮೇಷ್ಟ್ರು ಅಂಗಳದ ಬಿಸಿಲಿನಲ್ಲಿ ನಿಂತು ಕೈಗನ್ನಡಿಯನ್ನು ಓರೆ ಮಾಡುತ್ತಾರೆ. ಬೆಳಕು ಹೊಸ್ತಿಲು ದಾಟಿ ನೆಲದ ಮೇಲೆ ಹರಿದು ಬಂದು ಒಳಗೆ ಹಿಡಿದ ಸ್ಟೀಲ್ ತಟ್ಟೆಗೆ ಬೀಳುತ್ತದೆ. ತಟ್ಟೆಯಿಂದ ಮೇಲಕ್ಕೆ ಏಳುತ್ತದೆ.

ತಟ್ಟೆ ಹಿಡಿಯುವ ಕೆಲಸ ನನ್ನದು. ಇಡೀ ದಿನದಲ್ಲಿ ನನಗೆ ಅತ್ಯಂತ ಪ್ರಿಯವಾದ ಕೆಲಸ. ಬೆರಳು ಕೂದಲೆಳೆಯಷ್ಟು ಅಲ್ಲಾಡಿದರೂ ಮೇಲೆ ಬೆಳಕು ಮೊಳದುದ್ದ ಹಾರುತ್ತದೆ. ಶಿಲ್ಪದ ಕೆಳಗೇ ನಿಂತು ಬೆಳಕು ಬಿಟ್ಟರೆ ಕೆತ್ತನೆ ಚಪ್ಪಟೆಯಾಗಿಬಿಡುತ್ತದೆ, ಟಾರ್ಚ್ ಹಾಕಿದಾಗಲೂ ಆಗುವುದು ಅದೇ. ಪಕ್ಕಕ್ಕೆ ಸರಿದು, ಮೊಣಕಾಲೂರಿ, ತಟ್ಟೆಯನ್ನು ನೆಲದ ಹತ್ತಿರ ಹಿಡಿದು ಓರೆಯಾಗಿ ಕಳಿಸಬೇಕು. ಆಗ ಪ್ರತಿಯೊಂದು ಮಣಿಗೂ ತನ್ನದೇ ನೆರಳು ಬರುತ್ತದೆ. ಕನ್ನಡಿಯ ಬೆಳಕು ಕಣ್ಣಿಗೆ ಚುಚ್ಚುತ್ತದೆ. ಉಜ್ಜಿ ಉಜ್ಜಿ ಹಳತಾದ ತಟ್ಟೆಯದು ಮೆತ್ತಗೆ. ಅದಕ್ಕೇ ಹೊಸ ತಟ್ಟೆ ಒಯ್ಯುವುದಿಲ್ಲ. ನಡುವೆ ಕುಣಿಯುವ ಶಿವ. ಮಡಿದ ಮಂಡಿ ಮೊದಲು ಕಾಣುತ್ತದೆ, ಆಮೇಲೆ ಸೊಂಟದ ತಿರುವು, ಆಮೇಲೆ ಮುಖ. ಬೆಳಕನ್ನು ನಿಧಾನವಾಗಿ ಒಯ್ದರೆ ನೋಡುವವರಿಗೆ ಅವನು ಈಗ ತಾನೇ ಹೆಜ್ಜೆ ಹಾಕಿದಂತೆ ಅನ್ನಿಸುತ್ತದೆ. ಮಲಗಿದ ಹೆಂಗಸರು "ಅಯ್ಯೋ ಶಿವನೇ" ಎನ್ನುವುದು ಆ ಗಳಿಗೆಯಲ್ಲೇ.

ಅಷ್ಟರಲ್ಲಿ ಮಕ್ಕಳ ಹುಡುಕಾಟ ಶುರುವಾಗಿರುತ್ತದೆ. ಶಿವನ ಸುತ್ತ ಎಂಟು ಅಂಕಣ, ಅಂಕಣಕ್ಕೊಬ್ಬ ದಿಕ್ಪಾಲಕ. ಆನೆ ಸಿಕ್ಕರೆ ಇಂದ್ರ, ಟಗರು ಸಿಕ್ಕರೆ ಅಗ್ನಿ, ಕೋಣ ಸಿಕ್ಕರೆ ಯಮ, ಜಿಂಕೆ ಸಿಕ್ಕರೆ ವಾಯು. "ಸಾರ್, ನನ್ನ ವರುಣ ಸಿಕ್ಕ! ಮೊಸಳೆ ಮೇಲವ್ನೆ!" ಎಂದು ಒಬ್ಬ ಕೂಗಿದ ಮೇಲೆ ಮೇಷ್ಟ್ರು ಒಳಗೆ ಬಂದು ಒಂದೇ ಪ್ರಶ್ನೆ ಕೇಳುತ್ತಾರೆ: "ನಾವು ಬಂದದ್ದು ಯಾವ ಕಡೆಯಿಂದಪ್ಪ?" ತುಮಕೂರು ಇರುವುದು ಮೂಡಲಿಗೆ. ಮೂಡಲು ಇಂದ್ರನದು. ನಮ್ಮನ್ನು ಇಳಿಸಿದ ರೈಲು ತಿಪಟೂರಿನ ಕಡೆಗೆ ಹೋಯಿತಲ್ಲ, ಅದು ವರುಣನ ದಿಕ್ಕು. ಅಂದರೆ ಇಂದ್ರನ ಕಡೆಯಿಂದ ಹೊರಟು, ನಟರಾಜನ ಕೆಳಗೆ ಇಳಿದು ಮಲಗಿದ್ದೇವೆ. ಆ ಚಾವಣಿ ಆ ಹೊತ್ತಿನಿಂದ ಮಕ್ಕಳ ಪಾಲಿಗೆ ತಾವು ನಡೆದ ನೆಲದ ನಕ್ಷೆಯೇ ಆಗಿಬಿಡುತ್ತದೆ. ಬಸ್ಸಿನಲ್ಲಿ ನಿದ್ದೆ ಮಾಡಿಕೊಂಡು ಬಂದವರಿಗೆ ದಿಕ್ಕು ತಿಳಿಯುವುದು ಕಷ್ಟ.

ಮಧ್ಯಾಹ್ನ ಊರಾಚೆಯ ಮರದ ನೆರಳಲ್ಲಿ ಬುತ್ತಿ. ರಾಗಿ ರೊಟ್ಟಿ, ಹುಚ್ಚೆಳ್ಳಿನ ಚಟ್ನಿಪುಡಿ, ಮೊಸರನ್ನ. ಚಟ್ನಿಪುಡಿಗೆ ಬೆಳ್ಳುಳ್ಳಿ ಮುಂದಾಗಿರಬೇಕು. ಅದರ ವಿಷಯದಲ್ಲಿ ನಮ್ಮ ಗುಂಪಿನಲ್ಲಿ ಎರಡು ಮಾತಿಲ್ಲ.

ಚೆನ್ನಕೇಶವ ಗುಡಿ ಅದೇ ಊರಿನಲ್ಲಿ, ಆದರೆ ನಡುವೆ ಮುನ್ನೂರೈವತ್ತು ವರ್ಷಗಳಿಗೂ ಹೆಚ್ಚಿನ ಅಂತರ. ಇದು ಹದಿಮೂರನೆಯ ಶತಮಾನದ ಹೊಯ್ಸಳರ ಕೆಲಸ, ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಈ ಕಲ್ಲು ಮೆದು, ಗಾಳಿ ಬಿಸಿಲಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತದೆ. ಉಳಿಯ ತುದಿಯಿಂದ ಸರದ ಒಂದೊಂದು ಎಳೆಯನ್ನೂ ಬಿಡಿಸುವುದು ಸಾಧ್ಯವಾದದ್ದು ಅದರಿಂದ. ಜಗತಿಯ ಮೇಲೆ ಬಲಕ್ಕೆ ಗುಡಿ ಇಟ್ಟುಕೊಂಡು ಸುತ್ತಬೇಕು. ಕೆಳಗಿನಿಂದ ಆನೆ, ಕುದುರೆ, ಬಳ್ಳಿ, ಅದರ ಮೇಲೆ ಪುರಾಣದ ಕಥೆ, ಮಕರ, ಹಂಸ. ಕಥೆಯ ಸಾಲು ನಮ್ಮ ನಡಿಗೆಯ ಜೊತೆ ಜೊತೆಗೇ ಸಾಗುತ್ತದೆ. ಮೊದಲ ಸುತ್ತಿನಲ್ಲಿ ಆನೆ ಮಾತ್ರ ನೋಡಿ ಎನ್ನುತ್ತಾರೆ ಮೇಷ್ಟ್ರು. ಎರಡನೆಯ ಸುತ್ತಿಗೆ ಕಥೆ. ಮೂರನೆಯ ಸುತ್ತು ಬಿಸಿಲು ಪಡುವಣ ಗೋಡೆಗೆ ಬಂದ ಮೇಲೆ, ದೇವರ ಮೂರ್ತಿಗಳಿಗೆ. ಒಂದು ಗೋಡೆಯನ್ನು ಹೀಗೆ ಪಾಲು ಹಾಕಿ ನೋಡದಿದ್ದರೆ ಕಣ್ಣು ಸೋತು, 'ಎಷ್ಟು ಸೂಕ್ಷ್ಮ' ಎಂಬ ಒಂದೇ ಮಾತಿಗೆ ನಿಂತುಬಿಡುತ್ತದೆ.

ಪ್ರತಿ ಸಲವೂ ಯಾರಾದರೂ ಕೇಳುತ್ತಾರೆ: "ಇದ್ನೂ ಜಕಣಾಚಾರೀನೇ ಕೆತ್ತಿದ್ದಾ ಮೇಷ್ಟ್ರೇ?" ಕೇಳುವುದು ಸಹಜ. ಅವನ ಊರು ಎನ್ನಿಸಿಕೊಂಡ ಕೈದಾಳ ತುಮಕೂರಿಗೆ ಹತ್ತಿರದಲ್ಲೇ ಇದೆ. ಅವನ ಮಗ ಡಂಕಣ, ಕಲ್ಲಿನೊಳಗಿನ ಕಪ್ಪೆ, ಕತ್ತರಿಸಿಕೊಂಡ ಕೈ ಮತ್ತೆ ಬಂದದ್ದು, ಈ ಕಥೆ ಕೇಳದೆ ಬೆಳೆದ ಮಗು ನಮ್ಮ ಕಡೆ ಇಲ್ಲ. ಮೇಷ್ಟ್ರು ಆ ಕಥೆಯನ್ನು ಅಲ್ಲಗಳೆಯುವುದಿಲ್ಲ. ಜಕಣಾಚಾರಿ ನಮ್ಮ ಬಾಯಲ್ಲಿ ಉಳಿದಿದ್ದಾನೆ, ಇಲ್ಲಿ ಕೆತ್ತಿದವನು ಕಲ್ಲಿನಲ್ಲೇ ಉಳಿದಿದ್ದಾನೆ ಎಂದು ಹೇಳಿ, ಈ ಗುಡಿಯ ಶಿಲ್ಪಿ ಹೊನ್ನೋಜನ ಹೆಸರು ತಿಳಿಸುತ್ತಾರೆ. ಹೊಯ್ಸಳ ಶಿಲ್ಪಿಗಳು ಹೆಸರು ಬಿಟ್ಟುಹೋದದ್ದು ನಮ್ಮ ಪುಣ್ಯ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ಅಮೃತಪುರದಿಂದ ಸೋಮನಾಥಪುರದವರೆಗೆ ಹಲವು ದಶಕ ಕೆಲಸ ಮಾಡಿದ ಮಲ್ಲಿತಮ್ಮ. ಬೇಲೂರು, ಹಳೇಬೀಡು, ಸೋಮನಾಥಪುರ 2023ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದವು, ಸೇರಬೇಕಾದವೇ. ಹೊನ್ನೋಜನ ಗುಡಿ ಆ ಪಟ್ಟಿಯಲ್ಲಿಲ್ಲ. ಆದರೆ ಪ್ಯಾಸೆಂಜರ್ ಗಾಡಿಗೆ ಇಲ್ಲಿ ಸ್ಟೇಷನ್ ಇದೆ, ಮುಖಕ್ಕೆ ಮುಖ ಕೊಟ್ಟು ನೋಡುವಷ್ಟು ಹೊತ್ತು ಇದೆ, ನಮಗೆ ಅದು ದೊಡ್ಡ ಭಾಗ್ಯ.

ಇದೇ ಹಳಿಯಲ್ಲಿ ಮುಂದೆ, ತಿಪಟೂರಿನ ಕೊಬ್ಬರಿ ಚೀಲಗಳನ್ನು ದಾಟಿ ಅರಸೀಕೆರೆಗೆ ಹೋಗುವ ದಿನವೂ ಉಂಟು. ಅಲ್ಲಿನ ಶಿವಾಲಯ 1220ರ ಸುಮಾರಿನದು, ವೀರಬಲ್ಲಾಳನ ಆಳ್ವಿಕೆಯ ಕೊನೆಗಾಲ. ಮುಂದಿನ ಮಂಟಪವನ್ನು ಹದಿನಾರು ಮೂಲೆಯ ನಕ್ಷತ್ರವಾಗಿ ಕಟ್ಟಿ ಮೇಲೆ ಗುಮ್ಮಟದಂಥ ಚಾವಣಿ ಹೊಂದಿಸಿದ್ದಾರೆ. ನನಗೆ ಅಲ್ಲಿ ಕಂಬಗಳೇ ಸಾಕು. ಚನ್ನಪಟ್ಟಣದವರು ಮರವನ್ನು ತಿರುಗಿಸಿ ಬೊಂಬೆ ಕಡೆಯುವ ಹಾಗೆ ಈ ಕಲ್ಲುಗಳನ್ನು ತಿರುಗಿಸಿ ಕಡೆದಿದ್ದಾರೆ. ಕಣ್ಣುಮುಚ್ಚಿ ಅಂಗೈಯಿಂದ ಕಂಬವನ್ನು ಸುತ್ತಿದರೆ ಗೆರೆಗಳು ಒಂದರ ಪಕ್ಕ ಒಂದು, ಎಲ್ಲಿಯೂ ಕಡಿಯದೆ ಬೆರಳಿಗೆ ಸಿಗುತ್ತವೆ. ಕಣ್ಣು ಮಂಜಾದ ನಮ್ಮ ಗುಂಪಿನ ಅಜ್ಜಿಯೊಬ್ಬರು ಆ ಮಂಟಪವನ್ನು ಪೂರ್ತಿ ಕೈಯಲ್ಲೇ ನೋಡಿದರು. ಒಂದು ಕಂಬದ ಹತ್ತಿರ ನಿಂತು, "ಇದ್ನ ಕಡೆದೋನು ಆತ್ರ ಮಾಡ್ಲಿಲ್ಲ ಕಣವ್ವ" ಎಂದರು. ಹೊಯ್ಸಳ ಶಿಲ್ಪದ ಬಗ್ಗೆ ನಾನು ಓದಿದ ಪುಸ್ತಕಗಳ ಜೊತೆಗೆ ಆ ಮಾತನ್ನೂ ಇಟ್ಟುಕೊಂಡಿದ್ದೇನೆ.

ಸಾಯಂಕಾಲದ ಗಾಡಿಗೆ ಅರ್ಧ ಗಂಟೆ ಮೊದಲೇ ಸ್ಟೇಷನ್ನಿಗೆ ಬಂದು ಕೂತರೆ ಮುಂದಿನ ಸಲದ ಮಾತು. ಈಗ ನಡೆಯುತ್ತಿರುವುದು ಹರಿಹರದ್ದು. ಅದೂ ಇದೇ ಮಾರ್ಗದಲ್ಲಿ ಅರಸೀಕೆರೆ, ಬೀರೂರು, ದಾವಣಗೆರೆ ದಾಟಿದರೆ ಸಿಗುತ್ತದೆ. ತುಂಗಭದ್ರೆಯ ದಡದ ಹರಿಹರೇಶ್ವರ ಗುಡಿಯನ್ನು 1224ರಲ್ಲಿ ಕಟ್ಟಿಸಿದವನು ಎರಡನೆಯ ನರಸಿಂಹನ ದಂಡನಾಯಕ ಪೋಲಾಳ್ವ. ಒಂದೇ ಮೂರ್ತಿಯಲ್ಲಿ ಅರ್ಧ ಶಿವ, ಅರ್ಧ ವಿಷ್ಣು. ಪ್ಯಾಸೆಂಜರ್ ನೆಚ್ಚಿಕೊಂಡರೆ ಅಲ್ಲಿ ಮುಟ್ಟುವಷ್ಟರಲ್ಲಿ ಅರ್ಧ ಹಗಲು ಹೋಗುತ್ತದೆ, ಎಕ್ಸ್‌ಪ್ರೆಸ್ಸೇ ಹಿಡಿಯಬೇಕು ಎಂದು ಮೇಷ್ಟ್ರ ಲೆಕ್ಕ. ಎಕ್ಸ್‌ಪ್ರೆಸ್ಸು ನಿಟ್ಟೂರು, ಬಾಣಸಂದ್ರದಲ್ಲೆಲ್ಲ ನಿಲ್ಲುವುದಿಲ್ಲ, ದಾರಿ ಕಾಣದೆ ಹೋಗುತ್ತದೆ ಎಂದು ನನ್ನ ತಕರಾರು. ಹೋಗುವಾಗ ಎಕ್ಸ್‌ಪ್ರೆಸ್, ರಾತ್ರಿ ಅಲ್ಲೇ ಛತ್ರದಲ್ಲಿ ಉಳಿದು, ಮಾರನೆಯ ದಿನ ನಿಂತು ನಿಂತು ಬರುವ ಗಾಡಿಯಲ್ಲಿ ವಾಪಸು ಎಂದು ಸಂಘದ ಅಕ್ಕ ಒಂದು ದಾರಿ ಹುಡುಕಿದ್ದಾರೆ. ಎರಡು ದಿನಕ್ಕಾದರೆ ಮೊಸರನ್ನ ಆಗುವುದಿಲ್ಲ, ರೊಟ್ಟಿಯನ್ನೇ ಗಟ್ಟಿಯಾಗಿ ಸುಡಬೇಕು. ಕನ್ನಡಿ ಮೇಷ್ಟ್ರು ತರುತ್ತಾರೆ, ತಟ್ಟೆ ನಾನು. ರಾಗಿ ಕಣದ ಕೆಲಸ ಮುಗಿದ ಕೂಡಲೇ ಹೊರಡುವುದು ಎಂದು ಗೊತ್ತಾಗಿದೆ.