ಗೆಡ್ಡೆಯ ಲಿಪಿ

ನಮ್ಮ ಸಿದ್ದಾಪುರದ ಅಶೋಕಶಾಸನವು ಇಸಿಲದ ಮಹಾಮಾತ್ರರ ಆರೋಗ್ಯವನ್ನು ವಿಚಾರಿಸುತ್ತ ಮೊದಲಾಗುತ್ತದೆ. ಆದರೆ ಓದಬಲ್ಲವರಿಲ್ಲದೆ ಅಕ್ಷರವೂ ಬರಿಯ ಗೀರು. ದೇಹದೊಳಗಣ ಗೆಡ್ಡೆಯೂ ಅಂತಹುದೇ.

ಮೂತ್ರಪಿಂಡದ ನೆತ್ತಿಯಲ್ಲಿರುವ ಅಡ್ರಿನಲ್ ಗ್ರಂಥಿಯ ಗೆಡ್ಡೆಗಳಲ್ಲಿ ಹೆಚ್ಚಿನವು ಸೌಮ್ಯವಾದುವು. ಕೆಲವು ಮಾತ್ರ ಘಾತಕ. ನಮ್ಮ ಬಂಧುವೊಬ್ಬರಿಗೆ ಆ ಗ್ರಂಥಿಯ ಹೊರಪದರದ ಗೆಡ್ಡೆಯನ್ನು ತೆಗೆದಾಗ, ಯಾವುದಿದ್ದೀತೆಂದು ನಾವೆಲ್ಲರೂ ದಿನಗಳನ್ನೆಣಿಸಿದೆವು.

ಇಂತಹ ಗೆಡ್ಡೆಗಳಿಗಾಗಿ ವೈಸ್ ಎಂಬ ತಜ್ಞರು 1984ರಲ್ಲಿ ಸೂಕ್ಷ್ಮದರ್ಶಕಕ್ಕೆ ಕಾಣುವ 9 ಲಕ್ಷಣಗಳನ್ನು ನಿರೂಪಿಸಿದರು. ಅವುಗಳಲ್ಲಿ 3 ಆದರೂ ಕೂಡಿದರೆ ಘಾತಕವೆಂಬುದು ಈಗಿನ ಎಣಿಕೆ. ಕೆಐ-67 ಎಂಬ ಅಂಗಾಂಶದ ಗುರುತು, ವಿಭಜಿಸುತ್ತಿರುವ ಜೀವಕೋಶಗಳನ್ನು ಎತ್ತಿ ತೋರಿಸಿ ಈ ನಿರ್ಣಯಕ್ಕೆ ನೆರವಾಗುತ್ತದೆ. ನಮ್ಮ ಬಂಧುವಿನ ಗೆಡ್ಡೆಯಲ್ಲಿ ಕಂಡ ಲಕ್ಷಣ ಒಂದೇ, ಅದು ಸೌಮ್ಯವೆನಿಸಿತು.

ವಾಚಕರೇ, ಒಂದು ಅಕ್ಷರದಿಂದ ಶಾಸನವಾಗದು. ಗೆಡ್ಡೆಯೆಂದೊಡನೆ ಎದೆಗೆಡದೆ, ಓದು ಮುಗಿಯುವವರೆಗೆ ತಾಳಿರಿ.